ಅಡಮಾನ ಅಂತ ಸಹಿ ಹಾಕಿದ್ದು ಕ್ರಯಪತ್ರವಾಗಿದ್ದರೆ, ಅದು ತಾನಾಗೇ ಬಿದ್ದುಹೋಗುತ್ತದೆಯೇ?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿ. ತಾಯಿಗೆ 68 ವರ್ಷ. ಸಹಿ ಮಾಡುತ್ತಾರೆ, ಓದಲು ಬರುವುದಿಲ್ಲ. ತವರಿನಿಂದ ಬಂದ ಒಂದೂವರೆ ಎಕರೆ ಅಡಿಕೆ ತೋಟ ಅವರ ಹೆಸರಿನಲ್ಲಿತ್ತು. ಅಪ್ಪ ತೀರಿಕೊಂಡ ಮೇಲೆ ತೋಟ, ಬ್ಯಾಂಕು ಎಲ್ಲವನ್ನೂ ದೊಡ್ಡಪ್ಪನ ಮಗನೇ ನೋಡಿಕೊಳ್ಳುತ್ತಿದ್ದ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. 2024ರ ಆಗಸ್ಟ್‌ನಲ್ಲಿ ಅವನು 'ಸಾಲಕ್ಕೆ ತೋಟ ಅಡಮಾನ ಇಡಬೇಕು, ಒಂದು ಸಹಿ ಹಾಕು ಚಿಕ್ಕಮ್ಮ' ಅಂತ ಅಮ್ಮನನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದ. 2025ರ ಜೂನ್‌ನಲ್ಲಿ ಪಹಣಿ ತೆಗೆಸಿದಾಗ ತೋಟ ಅವನ ಹೆಸರಿಗೆ ಆಗಿರುವುದು ಗೊತ್ತಾಯಿತು. ಕ್ರಯಪತ್ರದಲ್ಲಿ 12 ಲಕ್ಷ ರೂಪಾಯಿ ಅಂತಿದೆ. ಅಮ್ಮನ ಖಾತೆಗೆ ಬಂದಿದ್ದು 3 ಲಕ್ಷ. ಅದನ್ನು ಸಾಲದ ಹಣ ಅಂತ ಹೇಳಿದ್ದ. ಕಳೆದ ದೀಪಾವಳಿಗೆ ಖೇಣಿ ಹಣ (ಮರದ ಮೇಲಿನ ಫಸಲನ್ನು ವ್ಯಾಪಾರಿಗೆ ಗುತ್ತಿಗೆ ಕೊಟ್ಟಾಗ ಬರುವ ಹಣ) ಅಂತ 60 ಸಾವಿರ ಕೊಟ್ಟ, ಅಮ್ಮ ತೆಗೆದುಕೊಂಡರು. ಊರಿನವರೊಬ್ಬರು 'ಮೋಸದ ಪತ್ರ ತಾನಾಗೇ ಬಿದ್ದುಹೋಗುತ್ತೆ, ಸುಮ್ನಿರಿ' ಅನ್ನುತ್ತಾರೆ. ಪತ್ರ ಬರೆಯುವವರೊಬ್ಬರು 'ಅಮ್ಮನಿಂದಲೇ ರದ್ದತಿ ಪತ್ರ ರಿಜಿಸ್ಟರ್ ಮಾಡಿಸಿ' ಅನ್ನುತ್ತಾರೆ. ಯಾವುದು ಸರಿ? ನಮಗೆ ಎಷ್ಟು ಸಮಯ ಇದೆ? ಹಣ ವಾಪಸ್ ಕೊಡಬೇಕಾ?

ಉತ್ತರ: ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ಮೊದಲನೆಯವರ ಮಾತು ಕೇಳಿದರೆ ತೋಟ ಹೋಗುತ್ತದೆ. ಎರಡನೆಯವರ ಮಾತು ಕೇಳಿದರೆ ದುಡ್ಡು ಹೋಗುತ್ತದೆ, ಜೊತೆಗೆ ಒಂದಷ್ಟು ತಿಂಗಳೂ ಹೋಗುತ್ತವೆ. ನಿಮ್ಮ ವಿಷಯದಲ್ಲಿ ದುಡ್ಡಿಗಿಂತ ತಿಂಗಳುಗಳೇ ಜಾಸ್ತಿ ಬೆಲೆಯವು.

ನಿಮ್ಮ ತಾಯಿಯವರ ಕೈಯಲ್ಲಿ ಈಗ ಇರುವುದು ಒಂದು ಆಯ್ಕೆ. ಆ ಕ್ರಯಪತ್ರವನ್ನು ಒಪ್ಪಿಕೊಂಡು ಬಾಕಿ ಹಣ ಕೇಳಬಹುದು. ಇಲ್ಲವೇ 'ಇದು ನನ್ನ ಒಪ್ಪಿಗೆಯಿಂದ ಆದದ್ದಲ್ಲ, ನನಗೆ ಬೇಡ' ಅಂತ ಅದನ್ನು ತಳ್ಳಿಹಾಕಬಹುದು. 1872ರ ಕರಾರು ಕಾಯ್ದೆಯ 19ನೇ ಕಲಂ ಈ ಆಯ್ಕೆ ಕೊಡುವುದು ಮೋಸಕ್ಕೆ ಒಳಗಾದವರಿಗೆ ಮಾತ್ರ, ಮೋಸ ಮಾಡಿದವರಿಗಲ್ಲ. ನಾಳೆ ಅಡಿಕೆ ಧಾರಣೆ ಕುಸಿದರೆ ನಿಮ್ಮ ಅಣ್ಣ 'ಪತ್ರ ಸರಿಯಿಲ್ಲ, ತೋಟ ವಾಪಸ್ ತಗೊಳ್ಳಿ' ಅನ್ನಲು ಬರುವುದಿಲ್ಲ. ಆದರೆ ನಿಮ್ಮ ತಾಯಿ ಬೇಡ ಅನ್ನುವ ತನಕ, ಅನ್ನಬೇಕಾದ ರೀತಿಯಲ್ಲಿ ಅನ್ನುವ ತನಕ, ಆ ಪತ್ರ ನಡೆಯುತ್ತಲೇ ಇರುತ್ತದೆ. ಅದರ ಮೇಲೆ ಖಾತೆ ಆಗುತ್ತದೆ, ಬ್ಯಾಂಕು ಸಾಲ ಕೊಡುತ್ತದೆ, ಮೂರನೆಯವರು ಕೊಳ್ಳುತ್ತಾರೆ. ವಕೀಲರು ವಾಯ್ಡಬಲ್ ಅನ್ನುವುದು ಇಂಥ ಪತ್ರಕ್ಕೆ.

ಊರಿನವರು ಹೇಳಿದ 'ತಾನಾಗೇ ಬಿದ್ದುಹೋಗುವ' ಪತ್ರಗಳೂ ಇವೆ. ಅವು ವಾಯ್ಡ್, ಅಂದರೆ ಮೊದಲಿನಿಂದಲೇ ಅನೂರ್ಜಿತ. ಹದಿನೆಂಟು ತುಂಬದ ಹುಡುಗ ತಾನೇ ಮಾಡಿಕೊಂಡ ಕರಾರು ಹೀಗೆ. 1903ರಲ್ಲಿ ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಪ್ರಕರಣದಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು, ಇವತ್ತಿಗೂ ಅದೇ ನಿಯಮ. ಬುದ್ಧಿ ಸ್ವಾಧೀನದಲ್ಲಿಲ್ಲದವರು ಮಾಡಿದ್ದು, ಕಾನೂನುಬಾಹಿರ ಉದ್ದೇಶಕ್ಕೆ ಮಾಡಿದ್ದು ಕೂಡ ಇದೇ ಸಾಲಿಗೆ ಸೇರುತ್ತವೆ. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಜಾಸ್ತಿ ಕಾಣಿಸುವುದು ಇನ್ನೊಂದು ಬಗೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಅಥವಾ ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ, 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಮಾರಾಟವೇ ಅನೂರ್ಜಿತ. ಅಲ್ಲಿ ಅರ್ಜಿ ಹೋಗುವುದು ಎಸಿ (ಉಪವಿಭಾಗಾಧಿಕಾರಿ) ಅವರ ಮುಂದೆ. ನಿಮ್ಮದು ಅಜ್ಜನ ಮನೆಯಿಂದ ಬಂದ ಜಮೀನು ಅಂದಿದ್ದೀರಿ. ಆದರೂ ಅಜ್ಜನಿಗೆ ಅದು ಹೇಗೆ ಬಂತು ಅಂತ ಹಳೇ ಪಹಣಿ ತೆಗೆಸಿ ನೋಡಿ. ಮಂಜೂರಾತಿ ಜಮೀನಾಗಿದ್ದರೆ ದಾರಿಯೇ ಬೇರೆ ಆಗುತ್ತದೆ.

ಈ ಎರಡು ಬಗೆಗಳ ನಡುವಿನ ಅಂತರ ಎಷ್ಟು ಸಣ್ಣದು ನೋಡಿ. ಅಪ್ರಾಪ್ತ ಹುಡುಗ ತಾನೇ ಸಹಿ ಹಾಕಿ ಜಮೀನು ಮಾರಿದರೆ ಅದು ಮಾರಾಟವೇ ಅಲ್ಲ. ಅದೇ ಹುಡುಗನ ಸ್ವಂತ ಹೆಸರಿನ ಜಮೀನನ್ನು ಅವನ ಅಪ್ಪ, ನ್ಯಾಯಾಲಯದ ಅನುಮತಿ ತೆಗೆದುಕೊಳ್ಳದೆ ಮಾರಿದರೆ, 1956ರ ಹಿಂದೂ ಅಪ್ರಾಪ್ತರ ಕಾಯ್ದೆಯ 8ನೇ ಕಲಂ ಪ್ರಕಾರ ಮಾರಾಟ ನಿಲ್ಲುತ್ತದೆ. ಹುಡುಗ ದೊಡ್ಡವನಾಗಿ ಬೇಡ ಅಂದರೆ ಮಾತ್ರ ಬೀಳುತ್ತದೆ. ಅವನು ಅದನ್ನು ಹದಿನೆಂಟು ತುಂಬಿದ ಮೂರು ವರ್ಷದೊಳಗೆ ಹೇಳಬೇಕು.

ಇದರ ಬಗ್ಗೆ 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನಮ್ಮ ಊರಿನದೇ. ದಾವಣಗೆರೆ ಪಕ್ಕದ ಶಾಮನೂರಿನಲ್ಲಿ ತಂದೆಯೊಬ್ಬರು 1971ರಲ್ಲಿ ಚಿಕ್ಕ ಮಕ್ಕಳ ಹೆಸರಿಗೆ ಎರಡು ನಿವೇಶನ ಕೊಂಡಿದ್ದರು. ಆಮೇಲೆ ನ್ಯಾಯಾಲಯದ ಅನುಮತಿ ಇಲ್ಲದೆ ಅವನ್ನು ಮಾರಿದರು. ಮಕ್ಕಳು ದೊಡ್ಡವರಾದ ಮೇಲೆ ಕೋರ್ಟಿಗೆ ಹೋಗಲಿಲ್ಲ. ಅವೇ ನಿವೇಶನಗಳನ್ನು ಬೇರೆಯವರಿಗೆ ಮಾರಿಬಿಟ್ಟರು. ಅಪ್ಪನಿಂದ ಬಂದ ಕ್ರಯದ ಕೊನೆಯಲ್ಲಿದ್ದವರು 'ಮಕ್ಕಳು ದಾವೆ ಹಾಕಿ ನಮ್ಮ ಪತ್ರ ರದ್ದು ಮಾಡಿಸಿಲ್ಲ, ಹಾಗಾಗಿ ನಮ್ಮದೇ ಸರಿ' ಅಂದರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಪ್ಪ ಮಾರಿದ್ದನ್ನು ಮಕ್ಕಳು ಕಾಲಮಿತಿಯೊಳಗೆ ಬೇರೆಯವರಿಗೆ ಮಾರಿದರೆ, ಅಪ್ಪನ ಮಾರಾಟ ಬೇಡ ಅಂತ ನಡೆಯಿಂದಲೇ ಹೇಳಿದ ಹಾಗೆ. ಎಲ್ಲ ಸಂದರ್ಭದಲ್ಲೂ ದಾವೆ ಹಾಕಲೇಬೇಕು ಅಂತಿಲ್ಲ ಅಂತ ಹೇಳಿತು.

ಈ ತೀರ್ಪನ್ನು ಮೊಬೈಲಿನಲ್ಲಿ ಓದಿ 'ಹಾಗಾದರೆ ನಾವೂ ಕೋರ್ಟಿಗೆ ಹೋಗೋದು ಬೇಡ' ಅನ್ನುವವರನ್ನು ಈಗಾಗಲೇ ನೋಡುತ್ತಿದ್ದೇನೆ. ನೀವು ಹಾಗೆ ಅಂದುಕೊಳ್ಳಬೇಡಿ. ಅಲ್ಲಿ ಮಕ್ಕಳು ಆ ಮೊದಲ ಪತ್ರಕ್ಕೆ ಸಹಿಯನ್ನೇ ಹಾಕಿರಲಿಲ್ಲ. ಇಲ್ಲಿ ನಿಮ್ಮ ತಾಯಿ ವಯಸ್ಸಿಗೆ ಬಂದವರು, ಖುದ್ದಾಗಿ ಕಚೇರಿಗೆ ಹೋಗಿದ್ದಾರೆ, ಸಹಿ ಇದೆ, ಬೆರಳಚ್ಚು ಇದೆ, ಫೋಟೋ ಇದೆ. ತಾನೇ ಬರೆದುಕೊಟ್ಟ ನೋಂದಾಯಿತ ಪತ್ರವನ್ನು ಬೇಡ ಅನ್ನುವವರು ನ್ಯಾಯಾಲಯದಿಂದ ರದ್ದು ಮಾಡಿಸಿಕೊಳ್ಳಬೇಕು.

ರದ್ದತಿ ಪತ್ರದ ವಿಷಯಕ್ಕೂ ಇದೇ ಉತ್ತರ. ಕ್ರಯಪತ್ರ ನೋಂದಣಿಯಾದ ಗಳಿಗೆಯಿಂದ ದಾಖಲೆ ಪ್ರಕಾರ ತೋಟ ನಿಮ್ಮ ತಾಯಿಯದಲ್ಲ. ತನ್ನದಲ್ಲದ ತೋಟದ ಬಗ್ಗೆ ಅವರೊಬ್ಬರೇ ಹೋಗಿ 'ನಾನು ರದ್ದು ಮಾಡಿದ್ದೇನೆ' ಅಂತ ಬರೆದುಕೊಟ್ಟರೆ ಹಕ್ಕು ವಾಪಸ್ ಬರುವುದಿಲ್ಲ. ಏಕಪಕ್ಷೀಯ ರದ್ದತಿ ಪತ್ರಕ್ಕೆ ಬೆಲೆ ಇಲ್ಲ ಅಂತ ನಮ್ಮ ಹೈಕೋರ್ಟ್ ಹೇಳಿ ಬಹಳ ವರ್ಷವಾಯಿತು. ಯೋಚಿಸಿ ನೋಡಿ, ಮಾರಿದವರೆಲ್ಲ ಬೆಲೆ ಏರಿದ ಮೇಲೆ ಹೋಗಿ ರದ್ದು ಮಾಡಿಕೊಂಡು ಬರುವ ಹಾಗಿದ್ದರೆ ಯಾರು ತಾನೇ ಜಮೀನು ಕೊಳ್ಳುತ್ತಿದ್ದರು? ನಿಮ್ಮ ಅಣ್ಣನೂ ಒಪ್ಪಿ ಬಂದು ಸಹಿ ಹಾಕುವುದಾದರೆ ಮಾತು ಬೇರೆ. ಆಗಲೂ ಅವನು ನಿಮ್ಮ ತಾಯಿಗೆ ಮರುಕ್ರಯ ಬರೆದುಕೊಡುವುದೇ ನೇರ ದಾರಿ. ಊರ ಹಿರಿಯರ ಮುಂದೆ ನೂರು ರೂಪಾಯಿ ಛಾಪಾ ಕಾಗದದಲ್ಲಿ 'ತೋಟ ವಾಪಸ್ ಕೊಟ್ಟಿದ್ದೇನೆ' ಅಂತ ಬರೆಸಿಕೊಂಡು ಸಮಾಧಾನ ಪಟ್ಟುಕೊಳ್ಳಬೇಡಿ. ನೂರು ರೂಪಾಯಿಗಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕು ನೋಂದಣಿ ಇಲ್ಲದೆ ಕೈ ಬದಲಾಗುವುದಿಲ್ಲ.

ಈಗ ನಿಮ್ಮ ಪ್ರಕರಣದ ತಿರುಳಿಗೆ ಬರೋಣ. ಅಂದು ನಿಮ್ಮ ತಾಯಿಗೆ ನಿಖರವಾಗಿ ಏನು ಹೇಳಲಾಗಿತ್ತು?

ಉತ್ತರ ಕರ್ನಾಟಕದಿಂದ ಹೋದ ನಿಂಗವ್ವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1968ರಲ್ಲಿ ಒಂದು ಗೆರೆ ಎಳೆದಿದೆ. ಅಲ್ಲೂ ಓದು ಬಾರದ ಹೆಣ್ಣುಮಗಳು, ಅಲ್ಲೂ ಮನೆಯವರೇ ಹಾಕಿಸಿಕೊಂಡ ಸಹಿ. ಪತ್ರ ಯಾವ ಜಾತಿಯದು ಅನ್ನುವುದರಲ್ಲೇ ಮೋಸ ಆಗಿದ್ದರೆ ಆ ಪತ್ರ ವಾಯ್ಡ್. ಪತ್ರದ ಒಳಗಿನ ವಿವರದಲ್ಲಿ ಮಾತ್ರ ಮೋಸ ಆಗಿದ್ದರೆ ವಾಯ್ಡಬಲ್. ನಿಮ್ಮ ತಾಯಿ 'ಅಡಮಾನ' ಅಂದುಕೊಂಡು ಕ್ರಯಪತ್ರಕ್ಕೆ ಸಹಿ ಹಾಕಿದ್ದರೆ ಅದು ಮೊದಲ ಬಗೆ. 'ಅರ್ಧ ಎಕರೆ ಮಾರುತ್ತಿದ್ದೇನೆ' ಅಂದುಕೊಂಡಿದ್ದಾಗ ಒಂದೂವರೆ ಎಕರೆ ಬರೆಸಿಕೊಂಡಿದ್ದರೆ ಎರಡನೆಯದು.

ನೀವು ಬರೆದ ಪ್ರಕಾರ ಅದು ಮೊದಲ ಬಗೆ. ಹಾಗಂತ ಆ ಒಂದೇ ಕಾಲಿನ ಮೇಲೆ ನಿಲ್ಲಬೇಡಿ. ಅಡಮಾನ ಅಂದಿದ್ದು ಬಾಯಿಮಾತು. ಅದಕ್ಕೆ ಸಾಕ್ಷಿ ನಿಮ್ಮ ತಾಯಿ ಮಾತ್ರ. ಎದುರಿಗೆ ನೋಂದಾಯಿತ ಪತ್ರ ಇದೆ. ನೋಂದಾಯಿತ ಪತ್ರ ಸರಿಯಾಗಿಯೇ ಆಗಿದೆ ಅಂತ ನ್ಯಾಯಾಲಯ ಮೊದಲು ಭಾವಿಸುತ್ತದೆ. ಅಲ್ಲ ಅಂತ ತೋರಿಸುವ ಭಾರ ಅಲ್ಲ ಅನ್ನುವವರ ಮೇಲೆ. ಪ್ರೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಇದನ್ನೇ ಹೇಳಿದೆ. ಹಾಗಾಗಿ ದಾವೆಯಲ್ಲಿ ಎರಡೂ ಬರಬೇಕು: 'ಪತ್ರ ವಾಯ್ಡ್ ಅಂತ ಘೋಷಿಸಿ, ಅದಾಗದಿದ್ದರೆ ಮೋಸ ಮತ್ತು ಅನುಚಿತ ಪ್ರಭಾವದಿಂದ ಆದದ್ದು ಅಂತ ರದ್ದು ಮಾಡಿ.' ದಾವೆ ಮಾತ್ರ ಎರಡನೆಯದಕ್ಕೆ ಇರುವ ಕಡಿಮೆ ಕಾಲಮಿತಿಯೊಳಗೇ ಆಗಬೇಕು.

ಅನುಚಿತ ಪ್ರಭಾವ ಅಂದೆ, ಅಂದರೆ ನಂಬಿಕೆಯ ಸ್ಥಾನವನ್ನು ಬಳಸಿಕೊಂಡು ಒಪ್ಪಿಸುವುದು. ನನ್ನ ಲೆಕ್ಕದಲ್ಲಿ ನಿಮ್ಮ ಬಲವಾದ ಅಂಶ ಮೋಸಕ್ಕಿಂತ ಇದೇ. ಮೋಸ ಸಾಬೀತು ಮಾಡಲು ಅವತ್ತಿನ ಮಾತು ಬೇಕು. ಪ್ರಭಾವ ತೋರಿಸಲು ಸಂಬಂಧ ಸಾಕು, ಅದಕ್ಕೆ ಊರೇ ಸಾಕ್ಷಿ. ಗಂಡ ತೀರಿಕೊಂಡ, ಓದು ಬಾರದ, ಮಗ ದೂರ ಇರುವ ಹೆಂಗಸು. ತೋಟ, ಬ್ಯಾಂಕ್ ಪಾಸ್‌ಬುಕ್ಕು, ಸೊಸೈಟಿ ಸಾಲ ಎಲ್ಲವೂ ಒಬ್ಬನ ಕೈಯಲ್ಲಿ. ಕೊನೆಗೆ ತೋಟವೂ ಅದೇ ಒಬ್ಬನ ಹೆಸರಿಗೆ. ಇಂಥ ನಂಬಿಕೆಯ ಸಂಬಂಧ ಇದೆ ಅಂತ ತೋರಿಸಿಬಿಟ್ಟರೆ ಸಾಕ್ಷ್ಯ ಕಾನೂನು ಸಾಬೀತಿನ ಹೊರೆಯನ್ನು ತಿರುಗಿಸುತ್ತದೆ. ವ್ಯವಹಾರ ಪ್ರಾಮಾಣಿಕವಾಗಿತ್ತು, ಓದಿ ಹೇಳಿಸಿದ್ದೆ, ಚಿಕ್ಕಮ್ಮ ತಿಳಿದೇ ಸಹಿ ಹಾಕಿದ್ದರು ಅಂತ ನಿಮ್ಮ ಅಣ್ಣನೇ ಸಾಬೀತು ಮಾಡಬೇಕಾಗುತ್ತದೆ.

ಅದಕ್ಕೇ ಕ್ರಯಪತ್ರದ ದೃಢೀಕೃತ ನಕಲು ತೆಗೆಸಿ, ಕೊನೆಯ ಪುಟದಿಂದ ಓದಿ. ಮೊದಲ ಪುಟಗಳಲ್ಲಿ ಚಕ್ಕುಬಂದಿ, ಸರ್ವೆ ನಂಬರು, ಹಣದ ವಿವರ ಇರುತ್ತದೆ. ಕಥೆ ಇರುವುದು ಕೊನೆಯಲ್ಲಿ. 'ಓದಿಸಿ ಕೇಳಿ, ಒಪ್ಪಿ ಸಹಿ ಮಾಡಿರುತ್ತೇನೆ' ಅನ್ನುವ ಸಾಲು ಇದೆಯಾ? ಇದ್ದರೆ ಓದಿ ಹೇಳಿದವರು ಯಾರು? ಬಿಕ್ಕಲಂ, ಅಂದರೆ ಪತ್ರ ಬರೆದವರ ಸಹಿ, ಯಾರದು? ಸಾಕ್ಷಿ ಹಾಕಿದ ಇಬ್ಬರು ಯಾರು, ನಿಮ್ಮ ತಾಯಿಯನ್ನು ಕಚೇರಿಯಲ್ಲಿ ಗುರುತಿಸಿದವರು ಯಾರು? ಅವರೆಲ್ಲ ನಿಮ್ಮ ಅಣ್ಣನ ಭಾವಮೈದುನ, ಅವನ ಟ್ರ್ಯಾಕ್ಟರ್ ಡ್ರೈವರ್ ಇಂಥವರೇ ಆಗಿದ್ದರೆ, ತಾಯಿಯ ಕಡೆಯ ಒಬ್ಬನೇ ಒಬ್ಬ ಇಲ್ಲದಿದ್ದರೆ, ಆ ಪುಟವೇ ನಿಮ್ಮ ಪರ ಮಾತಾಡುತ್ತದೆ. ಬದಲಿಗೆ ಸಾಕ್ಷಿ ಜಾಗದಲ್ಲಿ ನಿಮ್ಮ ಸೋದರಮಾವನ ಸಹಿ ಕಂಡರೆ, ದಾವೆಗೆ ಮುಂಚೆ ಅವರ ಜೊತೆ ಕೂತು ಮಾತಾಡಿ. ನ್ಯಾಯಾಲಯದಲ್ಲಿ ಅವರು ಏನು ಹೇಳುತ್ತಾರೆ ಅನ್ನುವುದು ಅಲ್ಲಿ ಹೋಗಿ ಗೊತ್ತಾಗಬಾರದು.

ಎಷ್ಟು ಸಮಯ ಇದೆ ಅಂತ ಕೇಳಿದ್ದೀರಿ. 1963ರ ಕಾಲಮಿತಿ ಕಾಯ್ದೆಯ 59ನೇ ವಿಧಿ ಪ್ರಕಾರ ಪತ್ರ ರದ್ದು ಮಾಡಿಸಲು ಮೂರು ವರ್ಷ. ಲೆಕ್ಕ ಶುರುವಾಗುವುದು ಪತ್ರ ರದ್ದು ಕೇಳಲು ಕಾರಣವಾದ ಸಂಗತಿ ನಿಮ್ಮ ತಾಯಿಗೆ ಮೊದಲು ಗೊತ್ತಾದ ದಿನದಿಂದ. ನಿಮ್ಮ ಪ್ರಕಾರ ಅದು 2025ರ ಜೂನ್, ಹಾಗಾಗಿ 2028ರ ಜೂನ್ ತನಕ. ಎದುರು ವಕೀಲರು ಅದನ್ನು ಒಪ್ಪುವುದಿಲ್ಲ. 'ಸಹಿ ಹಾಕಿದ ದಿನವೇ ಗೊತ್ತಿತ್ತು, ನೋಂದಣಿ ಅಂದರೆ ಊರಿಗೆಲ್ಲ ಗೊತ್ತಾದ ಹಾಗೆ' ಅನ್ನುತ್ತಾರೆ. ಆ ಲೆಕ್ಕದಲ್ಲಿ 2027ರ ಆಗಸ್ಟ್. ಈ ಜಗಳಕ್ಕೆ ಅವಕಾಶವನ್ನೇ ಕೊಡಬೇಡಿ. ಆಗಸ್ಟ್ ದಿನಾಂಕವನ್ನೇ ಗಡುವು ಅಂದುಕೊಂಡು ಅದಕ್ಕಿಂತ ಬಹಳ ಮುಂಚೆ ದಾವೆ ಹೂಡಿ. ಪಹಣಿ ತೆಗೆಸಿದ ದಿನದ ದಾಖಲೆ ಇದ್ದರೆ ಜೋಪಾನವಾಗಿಡಿ. ಗೊತ್ತಾದ ದಿನಕ್ಕೆ ಅದೇ ನಿಮ್ಮ ಪುರಾವೆ.

ಇಲ್ಲಿ ಜನ ಜಾರಿ ಬೀಳುವ ಒಂದು ಜಾಗ ಇದೆ. 12 ಲಕ್ಷದಲ್ಲಿ 3 ಲಕ್ಷ ಮಾತ್ರ ಬಂದಿದೆ, ಹಾಗಾಗಿ ಮಾರಾಟವೇ ಆಗಿಲ್ಲ ಅಂದುಕೊಳ್ಳುತ್ತಾರೆ. ಕಾನೂನು ಹಾಗಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಪ್ರಕಾರ ಪೂರ್ತಿ ಕೊಟ್ಟರೂ ಮಾರಾಟವೇ, ಒಂದಷ್ಟು ಕೊಟ್ಟು ಉಳಿದದ್ದನ್ನು ಕೊಡುತ್ತೇನೆ ಅಂದರೂ ಮಾರಾಟವೇ. ಗುಜರಾತಿನ ದಹಿಬೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೀಗೇ ಹೇಳಿತು: ಬಾಕಿ ಬಂದಿಲ್ಲ ಅನ್ನುವುದು ಬಾಕಿ ವಸೂಲಿಗೆ ಕಾರಣ, ಕ್ರಯಪತ್ರ ರದ್ದತಿಗೆ ಅಲ್ಲ. ಕಾಲಮಿತಿ ಮೀರಿದ್ದರಿಂದ ಅಲ್ಲಿ ದಾವೆಯನ್ನು ವಿಚಾರಣೆಗೂ ತೆಗೆದುಕೊಳ್ಳದೆ ತಿರಸ್ಕರಿಸಲಾಯಿತು. ಹಾಗಾಗಿ ನಿಮ್ಮ ದಾವೆಯ ಬೆನ್ನೆಲುಬು '9 ಲಕ್ಷ ಬಂದಿಲ್ಲ' ಅನ್ನುವುದು ಆಗಬಾರದು. ಅದನ್ನು ಬರೆಯಿರಿ, ಆದರೆ ಮೋಸಕ್ಕೆ ಒಂದು ಸುಳಿವಾಗಿ ಬರೆಯಿರಿ. ತಾಯಿ ಪತ್ರವನ್ನು ಒಪ್ಪಿಕೊಳ್ಳುವುದಾದರೆ ಮಾತ್ರ ಬಾಕಿ ಬೆಲೆಗೆ ತೋಟದ ಮೇಲೆ ಹೊರೆ ಕೂರಿಸುವ ಹಕ್ಕು ಮಾರಿದವರಿಗೆ ಇದೆ. ಎರಡನ್ನೂ ಒಟ್ಟಿಗೆ ಕೇಳಲು ಹೋದರೆ ಎರಡೂ ಸಡಿಲವಾಗುತ್ತವೆ.

ಈಗ 60 ಸಾವಿರದ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಇದೇ.

ಬೇಡ ಅನ್ನುವ ಆಯ್ಕೆಗೆ ಒಂದು ಗುಣ ಇದೆ. ಸತ್ಯ ಗೊತ್ತಾದ ಮೇಲೂ ಆ ಪತ್ರದಿಂದ ಬರುವ ಲಾಭ ತೆಗೆದುಕೊಂಡರೆ ಒಪ್ಪಿಕೊಂಡ ಹಾಗೆ ಆಗುತ್ತದೆ. ಆಮೇಲೆ ಬೇಡ ಅನ್ನಲು ಬರುವುದಿಲ್ಲ. ಜೂನ್‌ನಲ್ಲಿ ಗೊತ್ತಾಗಿದೆ, ದೀಪಾವಳಿಗೆ ಹಣ ತೆಗೆದುಕೊಂಡಿದ್ದೀರಿ. ಎದುರಿನವರು 'ಅದು ಕ್ರಯದ ಬಾಕಿಯ ಒಂದು ಕಂತು, ಚಿಕ್ಕಮ್ಮ ಖುಷಿಯಿಂದ ತಗೊಂಡರು' ಅನ್ನುತ್ತಾರೆ ಅಂತ ಈಗಲೇ ಇಟ್ಟುಕೊಳ್ಳಿ.

ಆದರೆ ಅದೇ ಹಣ ನಿಮ್ಮ ಕಡೆಗೂ ತಿರುಗಬಹುದು. ಅವನು ಏನಂತ ಕೊಟ್ಟ? ಖೇಣಿ ಹಣ ಅಂತ. ತೋಟ ಅವನದೇ ಆಗಿದ್ದರೆ ಖೇಣಿದಾರ ಕೊಟ್ಟ ಹಣವನ್ನು ಮಾರಿಹೋದ ಚಿಕ್ಕಮ್ಮನಿಗೆ ಯಾಕೆ ಕೊಟ್ಟ? ಕೊಂಡವನೇ ಒಂದು ವರ್ಷದ ಮೇಲೂ ಫಸಲು ಚಿಕ್ಕಮ್ಮನದು ಅಂತ ನಡೆದುಕೊಂಡಿದ್ದರೆ, ಅದು ಮಾರಾಟದ ನಡತೆ ಅಲ್ಲ ಅಲ್ವಾ? ಹಾಗಾಗಿ ಆ ಹಣ ಹೇಗೆ ಬಂತು ಅನ್ನುವುದು ಮುಖ್ಯ. ಫೋನ್‌ಪೇ ಮಾಡಿದ್ದರೆ ಜೊತೆಗೆ ಏನಾದರೂ ಬರೆದಿದ್ದಾನಾ ನೋಡಿ. 'ಖೇಣಿ' ಅಂತಲೋ 'ತೋಟದ್ದು' ಅಂತಲೋ ಇದ್ದರೆ ಸ್ಕ್ರೀನ್‌ಶಾಟ್ ತೆಗೆದಿಡಿ, ಬ್ಯಾಂಕ್ ಸ್ಟೇಟ್‌ಮೆಂಟೂ ತೆಗೆಸಿ. ನಗದಾಗಿ ಕೊಟ್ಟಿದ್ದರೆ ತಾಯಿ ಯಾವುದಾದರೂ ಚೀಟಿಗೆ ಸಹಿ ಹಾಕಿದ್ದಾರಾ ಕೇಳಿ. 'ಬಾಕಿ ಬಾಬ್ತು' ಅಂತ ಬರೆದ ಚೀಟಿಗೆ ಸಹಿ ಇದ್ದರೆ ಕಷ್ಟ ಇದೆ, ಮುಚ್ಚಿಡದೆ ವಕೀಲರಿಗೆ ಹೇಳಿ. ಅಡಿಕೆ ಯಾರ ಹೆಸರಿನಲ್ಲಿ ಮಾರಾಟವಾಗಿದೆ ಅನ್ನುವುದನ್ನೂ ನೋಡಿ. ನಿಮ್ಮ ತಾಯಿ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ತುಮ್ಕೋಸ್ ಸದಸ್ಯರಾಗಿದ್ದು ಈಚಿನ ಫಸಲು ಅವರ ಹೆಸರಲ್ಲೇ ಹೋಗಿದ್ದರೆ ಆ ರಸೀದಿ ಬಹಳ ಕೆಲಸಕ್ಕೆ ಬರುತ್ತದೆ.

ಹಣ ವಾಪಸ್ ಕೊಡಬೇಕಾ ಅಂದರೆ, ಕೊಡಬೇಕು. ಕರಾರನ್ನು ತಳ್ಳಿಹಾಕುವವರು ಅದರಿಂದ ಪಡೆದದ್ದನ್ನು ಹಿಂದಿರುಗಿಸಬೇಕು ಅಂತ ಕರಾರು ಕಾಯ್ದೆಯ 64ನೇ ಕಲಂ ಹೇಳುತ್ತದೆ. ತೋಟವೂ ಬೇಕು, 3 ಲಕ್ಷವೂ ಇರಲಿ ಅನ್ನಲು ಆಗುವುದಿಲ್ಲ. ಹಾಗಂತ ನಾಳೆಯೇ ಅವನ ಕೈಗೆ ಹಣ ಕೊಟ್ಟು ಬರಬೇಡಿ, ರಸೀದಿ ಇಲ್ಲದೆ ಅಂತೂ ಬೇಡವೇ ಬೇಡ. ವಕೀಲರ ನೋಟಿಸ್‌ನಲ್ಲಿ 'ಸಾಲದ ಹಣ ಅಂತ ನಂಬಿಸಿ ಖಾತೆಗೆ ಹಾಕಿದ 3 ಲಕ್ಷವನ್ನು ಹಿಂದಿರುಗಿಸಲು ಸಿದ್ಧಳಿದ್ದೇನೆ' ಅಂತ ಬರೆಸಿ, ದಾವೆಯಲ್ಲೂ ಅದನ್ನೇ ಹೇಳಿ, ನ್ಯಾಯಾಲಯ ಹೇಳಿದಂತೆ ಠೇವಣಿ ಇಡಿ. ಆ ಹಣ ಖರ್ಚಾಗಿದ್ದರೆ ಈಗಿನಿಂದಲೇ ಹೊಂದಿಸಿಕೊಳ್ಳಿ. ತಾಯಿ ಪಡೆದ ಲಾಭ ಎಷ್ಟು, ಅಣ್ಣ ತಿಂದ ಫಸಲು ಎಷ್ಟು ಅನ್ನುವ ಲೆಕ್ಕ ಕೊನೆಗೆ ನ್ಯಾಯಾಲಯವೇ ಹಾಕುತ್ತದೆ.

ನೋಟಿಸ್ ಮುಖ್ಯ, ಸುಮ್ನೆ ಶಾಸ್ತ್ರಕ್ಕೆ ಕಳಿಸುವುದಲ್ಲ. ತಾಯಿ ಆಯ್ಕೆ ಮಾಡಿಕೊಂಡಿದ್ದಾರೆ ಅನ್ನುವುದು ಎದುರಿನವನಿಗೆ ತಲುಪಬೇಕು. ಈ ನೋಟಿಸ್ ತಾಯಿಯ ಹೆಸರಿನಲ್ಲೇ ಹೋಗಬೇಕು. ಮೋಸ ಆಗಿರುವುದು ನಿಮಗಲ್ಲ, ಅವರಿಗೆ. ಅವರು ಇರುವ ತನಕ ಬೇಡ ಅನ್ನುವ ಹಕ್ಕು ಅವರದೇ. ಬಹಳ ಮನೆಗಳಲ್ಲಿ ಮಗ ಸಿಟ್ಟಿನಿಂದ ಓಡಾಡುತ್ತಾನೆ, ತಾಯಿ 'ಹೋಗ್ಲಿ ಬಿಡು, ನಮ್ಮ ಹುಡುಗನೇ' ಅನ್ನುತ್ತಾರೆ. ನಿಮ್ಮ ತಾಯಿಯ ಮನಸ್ಸು ಏನು ಅಂತ ನೀವು ಬರೆದಿಲ್ಲ. ಮೊದಲು ಅದನ್ನು ಕೇಳಿ. ಅವರು ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳದಿದ್ದರೆ ಈ ಕೇಸು ನಿಲ್ಲುವುದಿಲ್ಲ.

ದಾವೆ ಹಾಕುವುದು ತೋಟ ಇರುವ ಚನ್ನಗಿರಿಯ ನ್ಯಾಯಾಲಯದಲ್ಲಿ. ನಿರ್ದಿಷ್ಟ ಪರಿಹಾರ ಕಾಯ್ದೆಯ 31ನೇ ಕಲಂ ಅಡಿ ಪತ್ರ ರದ್ದು ಕೇಳಬೇಕು. ಡಿಕ್ರಿ ಆದರೆ ಅದರ ಪ್ರತಿ ನೋಂದಣಿ ಕಚೇರಿಗೆ ಹೋಗಿ, ಅಲ್ಲಿನ ದಾಖಲೆಯಲ್ಲೇ ಪತ್ರ ರದ್ದಾಗಿದೆ ಅಂತ ಬರೆಯುತ್ತಾರೆ. ತೋಟ ಅವನ ಸ್ವಾಧೀನದಲ್ಲಿದ್ದರೆ ಸ್ವಾಧೀನವನ್ನೂ ಕೇಳಿ, ಬಿಟ್ಟರೆ ಅದೇ ದೊಡ್ಡ ತೂತಾಗುತ್ತದೆ. ಮೋಸ ಅಂತ ಒಂದು ಪದ ಬರೆದರೆ ಸಾಲದು. ಯಾವ ದಿನ, ಎಲ್ಲಿ, ಯಾರು, ಯಾವ ಮಾತು ಹೇಳಿದರು ಅಂತ ವಿವರ ಬರೆಯಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ. ದಾವೆಯ ಜೊತೆಗೇ, ತೋಟವನ್ನು ಬೇರೆಯವರಿಗೆ ಮಾರದಂತೆ, ಅಡಮಾನ ಇಡದಂತೆ ತಾತ್ಕಾಲಿಕ ತಡೆಯಾಜ್ಞೆಗೆ ಅರ್ಜಿ ಹಾಕಿ.

ಆ ತಡೆಯಾಜ್ಞೆಗೆ ಯಾಕೆ ಅವಸರ ಅಂದರೆ, ಪತ್ರ ರದ್ದಾಗುವ ಮುಂಚೆ ಯಾರಾದರೂ ಏನೂ ಗೊತ್ತಿಲ್ಲದೆ, ಪೂರ್ತಿ ಹಣ ಕೊಟ್ಟು, ಪ್ರಾಮಾಣಿಕವಾಗಿ ತೋಟ ಕೊಂಡುಬಿಟ್ಟರೆ ಅವರಿಂದ ಬಿಡಿಸಿಕೊಳ್ಳುವುದು ಬಹಳ ಕಷ್ಟ. ದಾವೆ ಹೂಡಿದ ಮೇಲೆ ಕೊಂಡವರು ಮಾತ್ರ ಅದರ ಫಲಿತಾಂಶಕ್ಕೆ ಬದ್ಧರಾಗುತ್ತಾರೆ. ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಆಗಸ್ಟ್ 2024ರಿಂದ ಇವತ್ತಿನ ತನಕ ಏನೇನು ಆಗಿದೆ ನೋಡಿ. ಬ್ಯಾಂಕ್ ಅಡಮಾನ ಕಂಡರೆ ಬ್ಯಾಂಕನ್ನೂ ಪ್ರತಿವಾದಿ ಮಾಡಬೇಕು.

ಕೋರ್ಟ್ ಶುಲ್ಕದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಪತ್ರಕ್ಕೆ ತಾನೇ ಸಹಿ ಹಾಕಿದವರು ರದ್ದು ಕೇಳಿದರೆ ಪತ್ರದ ಆಸ್ತಿಯ ಬೆಲೆ ಮೇಲೆ ಶುಲ್ಕ ಬೀಳುತ್ತದೆ. ಆ ಮೊತ್ತಕ್ಕೆ ಹೆದರಿ ಕೆಲವರು ಬರೀ ಘೋಷಣೆ ಕೇಳಿ ದಾವೆ ಹಾಕುತ್ತಾರೆ, ಆಮೇಲೆ ಅದೇ ತೊಡಕಾಗುತ್ತದೆ. ನಿಮ್ಮ ತಾಯಿ ಮಹಿಳೆ ಆದ್ದರಿಂದ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ಚನ್ನಗಿರಿ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ನಡುವೆ ಅಣ್ಣ ರಾಜಿಗೆ ಬಂದರೆ ಲೋಕ್ ಅದಾಲತ್‌ನಲ್ಲಿ ಮುಗಿಸಿಕೊಳ್ಳಿ. ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲ ಇದೆ, ಕಟ್ಟಿದ ಶುಲ್ಕವೂ ವಾಪಸ್ ಬರುತ್ತದೆ.

ಪೊಲೀಸ್ ದೂರು ಕೊಡಬಹುದಾ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ಇದೆ. ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಎಫ್‌ಐಆರ್‌ನಿಂದ ಕ್ರಯಪತ್ರ ರದ್ದಾಗುವುದಿಲ್ಲ. ಠಾಣೆಗೆ ಅಲೆಯುತ್ತಾ ಮೂರು ವರ್ಷ ಕಳೆದುಬಿಟ್ಟವರು ನಮ್ಮ ಕಚೇರಿಗೆ ಬರುತ್ತಲೇ ಇರುತ್ತಾರೆ. ಹಾಗೇ ಖಾತೆ ಬದಲಾವಣೆಗೆ ತಹಶೀಲ್ದಾರ್, ಎಸಿ ಅವರ ಮುಂದೆ ತಕರಾರು ಹಾಕುವುದೂ ದಾವೆಗೆ ಬದಲಿ ಆಗುವುದಿಲ್ಲ. ಪಹಣಿ ಹಕ್ಕನ್ನು ಹುಟ್ಟಿಸುವುದಿಲ್ಲ, ಕ್ರಯಪತ್ರದ ಹಿಂದೆ ಹೋಗುತ್ತದೆ ಅಷ್ಟೇ. ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಎಸಿ ಬಳಿ ಹೋಗಿ ಅನ್ನುವವರೂ ಇರುತ್ತಾರೆ. ಅದರ 23ನೇ ಕಲಂ ಇರುವುದು, ನೋಡಿಕೊಳ್ಳುತ್ತೇನೆ ಅನ್ನುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟವರ ವಿರುದ್ಧ. ದಾನಪತ್ರಗಳಲ್ಲಿ ಅದು ಬಹಳ ಉಪಯೋಗಕ್ಕೆ ಬರುತ್ತದೆ. ನಿಮ್ಮದು ಹಣದ ಮೇಲಿನ ಕ್ರಯ, ಅಂಥ ಷರತ್ತು ಇಲ್ಲದಿದ್ದರೆ ಆ ಬಾಗಿಲು ತಟ್ಟಿ ಪ್ರಯೋಜನ ಇಲ್ಲ.

ನೋಟಿಸ್ ಹೋದ ಮೇಲೆ ಈ ವರ್ಷದ ಖೇಣಿ ಹಣ ಅಂತ ಅವನು ಮತ್ತೆ ತಂದುಕೊಟ್ಟರೆ ತಾಯಿ ತೆಗೆದುಕೊಳ್ಳಬಾರದು. ಖಾತೆಗೆ ಹಾಕಿಬಿಟ್ಟರೆ ಅದೇ ವಾರ ವಕೀಲರ ಮೂಲಕ 'ಈ ಹಣವನ್ನು ಕ್ರಯದ ಬಾಕಿ ಅಂತ ಒಪ್ಪಿಲ್ಲ, ನ್ಯಾಯಾಲಯದ ಆದೇಶಕ್ಕೆ ಬದ್ಧವಾಗಿ ಹಾಗೇ ಇಟ್ಟಿದ್ದೇನೆ' ಅಂತ ಉತ್ತರ ಹೋಗಲಿ. ಇನ್ನು ಈ ವಯಸ್ಸಿನಲ್ಲಿ ಅಮ್ಮ ಕೋರ್ಟಿಗೆ ಅಲೆಯುವುದು ಹೇಗೆ ಅನ್ನುವ ಚಿಂತೆ ನಿಮಗೆ ಇದ್ದೇ ಇರುತ್ತದೆ. ಪ್ರತಿ ಮುದ್ದತಿಗೂ ಅವರು ಬರಬೇಕಾಗಿಲ್ಲ. ಸಾಕ್ಷಿ ಹೇಳುವ ಹೊತ್ತಿಗೆ ಓಡಾಡಲು ಆಗದಷ್ಟು ಆರೋಗ್ಯ ಕೆಟ್ಟಿದ್ದರೆ, ವೈದ್ಯರ ಪತ್ರ ಕೊಟ್ಟು ಕಮಿಷನರ್ ನೇಮಕ ಕೇಳಬಹುದು. ನ್ಯಾಯಾಲಯ ಒಪ್ಪಿದರೆ ಕಮಿಷನರ್ ಮನೆಗೇ ಬಂದು, ಎರಡೂ ಕಡೆಯ ವಕೀಲರ ಎದುರು ಅವರ ಸಾಕ್ಷ್ಯ ಬರೆದುಕೊಳ್ಳುತ್ತಾರೆ.